ಬೂಟು ಉಜ್ಜಿ ಬೈಕಿನ ಬಣ್ಣ ಹಾಳಾಗ್ತಿದೆ, ಏನು ಅಂಟಿಸಲಿ?

ಎಲ್ಲರಿಗೂ ನಮಸ್ಕಾರ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಬೈಕಿನಲ್ಲೇ ಓಡಾಟ, ಒಂದು ಕಡೆಗೆ ಸುಮಾರು 20 ಕಿಲೋಮೀಟರ್. ಕಾಲಲ್ಲಿ ರೈಡಿಂಗ್ ಬೂಟು. ಗಾಡಿ ಮ್ಯಾಟ್ ಕಪ್ಪು, ಅಂದರೆ ಹೊಳಪಿಲ್ಲದ ಬಣ್ಣ. ಹಿಮ್ಮಡಿ ತಾಗುವ ಸೈಡ್ ಪ್ಯಾನೆಲ್ ಮೇಲೆ ಅಂಗೈಯಗಲ ಜಾಗ ಉಜ್ಜಿ ಉಜ್ಜಿ ಹೊಳೆಯುತ್ತಿದೆ. ಮಳೆಗಾಲದಲ್ಲಿ ಬೂಟಿಗೆ ಕೆಂಪು ಮಣ್ಣು ಮೆತ್ತಿಕೊಂಡರಂತೂ ಉಪ್ಪು ಕಾಗದದಲ್ಲಿ ತಿಕ್ಕಿದ ಹಾಗೆ.

ಮೊದಲು ಪಾಲಿಶ್ ಹಚ್ಚಿದೆ. ಅದೇ ತಪ್ಪಾಯ್ತು. ಮ್ಯಾಟ್ ಬಣ್ಣಕ್ಕೆ ಪಾಲಿಶ್ ಹಚ್ಚಿದರೆ ಹೊಳಪು ಇನ್ನೂ ಜಾಸ್ತಿಯಾಗುತ್ತದೆ ಅಂತ ಆಮೇಲೆ ತಿಳಿಯಿತು. ನಂತರ ಪಾರದರ್ಶಕ ಸ್ಟಿಕ್ಕರ್ ಅಂಟಿಸಿದೆ. ಎರಡೇ ತಿಂಗಳಿಗೆ ಅಂಚು ಎದ್ದು, ಒಳಗೆ ಧೂಳು ಸೇರಿ ಕಪ್ಪು ಗೆರೆ. ಸೆರಾಮಿಕ್ ಕೋಟಿಂಗ್ ಮಾಡಿಸು ಅಂದ ಗೆಳೆಯ. ನೀರು ಜಾರೋದಕ್ಕೆ ಅದು ಸರಿ, ದಿನಾ ಬೂಟು ಉಜ್ಜಿದರೆ ತಡೆಯುವಷ್ಟು ದಪ್ಪ ಎಲ್ಲಿದೆ? ಮನೆಯಲ್ಲಿ ಸಲಹೆ ಒಂದೇ: ಸುಮ್ನೆ ಚಪ್ಪಲಿ ಹಾಕ್ಕೊಂಡು ಹೋಗು. ಅದಾಗಲ್ಲ ಬಿಡಿ.

ಈಗ ಉಳಿದಿರುವುದು ಎರಡು: ಮ್ಯಾಟ್ ಪಿಪಿಎಫ್ (ಬಣ್ಣ ಕಾಯಲು ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಪದರ), ಇಲ್ಲವೇ ಟ್ಯಾಂಕ್ ಪ್ಯಾಡಿನಂಥ ದಪ್ಪ ರಬ್ಬರ್ ಹಾಳೆ. ಪ್ಯಾನೆಲ್ ಬಾಗಿದೆ, ಇಂಜಿನ್ ಬಿಸಿಯೂ ತಾಗುತ್ತದೆ. ಇಂಥ ಜಾಗದಲ್ಲಿ ವರ್ಷವಾದರೂ ಏಳದೆ ನಿಂತದ್ದು ಯಾವುದು? ತೆಗೆದಾಗ ಬಣ್ಣವೂ ಕಿತ್ತು ಬಂತಾ? ಹಾಕಿಸಿದವರು ದಯವಿಟ್ಟು ಹೇಳಿ.