ಅಪ್‌ಡೇಟ್: ತೊಡೆಗೆ ಇಎಂಎಸ್ ಹಾಕಿದ ಮೇಲೆ ಜಿಗಿತ ಹೆಚ್ಚಾಯ್ತಾ?

ನಮ್ಮ ವಾಲಿಬಾಲ್ ಹುಡುಗರಿಗೆ ಸ್ಕ್ವಾಟ್ ಮತ್ತು ಬಾಕ್ಸ್ ಜಂಪ್ ಜೊತೆ ಇಎಂಎಸ್ ಮೆಷಿನ್ (ಚರ್ಮದ ಮೇಲೆ ಪ್ಯಾಡ್ ಅಂಟಿಸಿ, ಸಣ್ಣ ಕರೆಂಟ್‌ನಿಂದ ಸ್ನಾಯು ಬಿಗಿಸುವ ಸಾಧನ) ಬಳಸಬಹುದಾ ಅಂತ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಹೌದು, ಹೆಚ್ಚಾಗಿದೆ. ಗೋಡೆ ಮೇಲಿನ ಸೀಮೆಸುಣ್ಣದ ಗುರುತು ಮೇಲೆ ಹೋಗಿದೆ. ಆದರೆ ಪೂರ್ತಿ ಶ್ರೇಯಸ್ಸು ಮೆಷಿನ್‌ಗೆ ಕೊಡಲಾರೆ, ಯಾಕಂದ್ರೆ ಎಲ್ಲವೂ ಒಟ್ಟಿಗೇ ನಡೆಯಿತು. ಫಿಸಿಯೋ ಹೇಳಿದಂತೆ ಹುಡುಗನನ್ನು ಕೂರಿಸಿ, ಮೊಣಕಾಲು ಮಡಚಿ, ಕಾಲು ಚಾಚದ ಹಾಗೆ ಬೆಲ್ಟ್ ಬಿಗಿದೆವು. ಕರೆಂಟ್ ಏರಿದಾಗ ಮೊಣಕಾಲಿನ ಮೇಲಿನ ಮಾಂಸಖಂಡ ಕಲ್ಲಿನಂತಾಗುತ್ತದೆ, ಬಿಟ್ಟ ತಕ್ಷಣ ಸಡಿಲ. 1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಯಾಕೋವ್ ಕೋಟ್ಸ್ ಬಳಸಿದ ಕ್ರಮವೇ ಇದು: 10 ಸೆಕೆಂಡ್ ಬಿಗಿತ, 50 ಸೆಕೆಂಡ್ ವಿಶ್ರಾಂತಿ, ಹೀಗೆ 10 ಸಲ. ಆ 50 ಸೆಕೆಂಡ್ ಸುಮ್ನೆ ಇಟ್ಟಿದ್ದಲ್ಲ. ಹೊರಗಿನ ಕರೆಂಟ್ ಸ್ನಾಯುವಿನ ಅದೇ ನಾರುಗಳನ್ನೇ ಮತ್ತೆ ಮತ್ತೆ ಎಳೆಯುತ್ತದೆ, ಹಾಗಾಗಿ ನಾವಾಗಿ ಬಿಗಿದಾಗಿನದಕ್ಕಿಂತ ಬೇಗ ಸುಸ್ತು.

ಮೆಷಿನ್ ಬಲ ಕೊಡಬಹುದು, ಆದರೆ ಸೊಂಟ, ಮೊಣಕಾಲು, ಹಿಮ್ಮಡಿ ಒಂದೇ ಲಯದಲ್ಲಿ ಚಿಮ್ಮುವುದನ್ನು ಕಲಿಸುವುದಿಲ್ಲ. ಅದಕ್ಕೆ ಜಿಗಿಯಲೇಬೇಕು ಅಲ್ವಾ? ಬರೀ ಮೆಷಿನ್ ಸಾಕು ಅಂದವರ ಮಾತು ನಾನು ಒಪ್ಪಲ್ಲ.

ಶುರುವಿನಲ್ಲಿ ಕರೆಂಟ್ ಕಡಿಮೆ ಇಡಿ, ದಯವಿಟ್ಟು. ಮೊದಲ ಸಲವೇ ಜಾಸ್ತಿ ಏರಿಸಿದರೆ ಸ್ನಾಯುವಿಗೆ ತೀವ್ರ ಹಾನಿಯಾಗಬಹುದು, ಅದು ಕಿಡ್ನಿಗೂ ಅಪಾಯ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಕಾಯದೆ ಡಾಕ್ಟರ್ ಹತ್ತಿರ ಹೋಗಿ. ಪೇಸ್‌ಮೇಕರ್ ಇದ್ದವರಿಗೆ ಇದು ಬೇಡವೇ ಬೇಡ.

ಟೂರ್ನಮೆಂಟ್ ಹತ್ತಿರ ಬಂದಿದೆ. ಈಗ ಮೆಷಿನ್ ನಿಲ್ಲಿಸಿ, ಜಿಗಿತ ಮಾತ್ರ ಮುಂದುವರಿಸಿದ್ದೇವೆ.