ತಂಬು ಕೊಡೋದು, ಬೆಟ್ಟು ತೋರ್ಸೋದು: ಬಯೋಮೆಟ್ರಿಕ್ ಲಾಗಿನ್‌ಗೆ ಯಾವ ಮಾತು?

ಎಲ್ರಿಗೂ ನಮಸ್ಕಾರ. ಶಿಡ್ಲಘಟ್ಟದ ಕಡೆಯ ಸ್ತ್ರೀಶಕ್ತಿ ಸಂಘಗಳಿಗೆ ಅಂತ ಬ್ಯಾಂಕ್ ಆ್ಯಪ್ ಹುಷಾರಾಗಿ ಬಳಸೋ ಬಗ್ಗೆ ಒಂದು ಪುಟದ ಕರಪತ್ರ ಬರೀತಾ ಇದೀನಿ, ಒಂದು ಮಾತಿನ ಹತ್ರ ನಿಂತುಬಿಟ್ಟಿದೀನಿ: ಬಯೋಮೆಟ್ರಿಕ್, ಅಂದ್ರೆ ಬೆರಳು, ಮುಖದಂಥ ಮೈಯ ಗುರುತಿಂದ ಲಾಗಿನ್ ಆಗೋದಕ್ಕೆ ಏನನ್ನಬೇಕು?

‘ಬೆರಳಚ್ಚಿನಿಂದ ಲಾಗಿನ್ ಆಗಿ’ ಅಂತ ಬರೆದಿದ್ದೆ, ಓದಿದ ಒಬ್ರು ‘ಏನು ಟೈಪ್ ಮಾಡ್ಬೇಕು?’ ಅಂದ್ರು. ಅವರು ಕೇಳಿದ್ದು ಸರೀನೇ, ಬೆರಳಚ್ಚುಗಾರ ಅಂದ್ರೆ ಟೈಪಿಸ್ಟು ತಾನೆ. ಪೊಲೀಸ್ ಇಲಾಖೇಲಿ ‘ಬೆರಳು ಮುದ್ರೆ’ ಅಂತಾರೆ, ಇಲ್ಲಿ ಮನೇಲಿ ತೆಲುಗು ಆಡೋರು ‘ವೇಲಿಮುದ್ರ’ ಅನ್ನೋದ್ರಿಂದ ಅದು ಬೇಗ ಹತ್ತುತ್ತೆ. ‘ಹೆಬ್ಬೆಟ್ಟು’ ಒಳ್ಳೇ ಪದ, ಹಿರಿದಾದ ಬೆಟ್ಟು, ಬೆಟ್ಟು ಅಂದ್ರೆ ಬೆರಳು, ಆದ್ರೆ ಓದು ಬರದೋರನ್ನ ‘ಹೆಬ್ಬೆಟ್ಟು’ ಅಂತ ಹೀಯಾಳಿಸಿದ ಮಾತು ಅದು, ಸಂಘದ ಹೆಂಗಸರ ಮುಂದೆ ಇಡೋಕೆ ನಂಗೆ ಮನಸಿಲ್ಲ. ಬಾಯಲ್ಲಿರೋದಂತೂ ‘ತಂಬು’, ಇಂಗ್ಲಿಷಿನ ಥಂಬ್. ಬಿಸಿನೀರಲ್ಲಿ ರೇಷ್ಮೆ ಗೂಡಿನ ಎಳೆ ತೆಗೆದೂ ತೆಗೆದೂ ಬೆರಳಿನ ಗೆರೆ ಸವೆದಿರೋ ರೀಲಿಂಗ್ ಕೆಲಸದೋರು ರೇಷನ್ ಅಂಗಡೀಲಿ ‘ತಂಬು ಕೂರ್ತಿಲ್ಲ’ ಅಂತ ಮತ್ತೆ ಮತ್ತೆ ಒತ್ತೋದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ನನ್ನ ತೊಡಕಿರೋದು ‘ತಂಬು ಕೊಡಿ’ ಅನ್ನೋದ್ರಲ್ಲಿ. ಆಧಾರ್ ಮೇಲೆ ದುಡ್ಡು ತೆಗೆಯೋ ಮೆಷಿನ್‌ಗೆ ಬೆರಳಿಟ್ರೆ ಅದರ ಗುರುತು ನಿಜವಾಗ್ಲೂ ಹೊರಗೆ ಹೋಗುತ್ತೆ, ಆಧಾರ್ ಸರ್ವರ್‌ನಲ್ಲಿ ತಾಳೆ ಆಗುತ್ತೆ. ಆಸ್ತಿ ನೋಂದಣಿ ಪತ್ರದ ಮೇಲಿನ ಹೆಬ್ಬೆಟ್ಟಿನ ಗುರುತು ಕದ್ದು ನಕಲಿ ಬೆರಳು ಮಾಡಿ ಖಾತೆ ಬರಿದು ಮಾಡಿದ ಕೇಸುಗಳು 2023ರಲ್ಲಿ ಸುದ್ದಿಯಾಗಿದ್ದು ಈ ದಾರೀದೇ, ಇಂಥದ್ದನ್ನ ತಡೆಯೋಕೇ ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಇರೋದು, ಅಂದ್ರೆ ನಾವೇ ತೆಗೆಯೋವರೆಗೂ ಬೆರಳ ಗುರುತು ನಡೆಯದ ಹಾಗೆ ಹಾಕೋ ಬೀಗ. ಆದ್ರೆ ಫೋನಲ್ಲಿ ಬ್ಯಾಂಕ್ ಆ್ಯಪ್ ತೆಗೆಯುವಾಗ ಸಾಮಾನ್ಯವಾಗಿ ತಾಳೆ ಆಗೋದು ಫೋನ್ ಒಳಗೇ, ಬ್ಯಾಂಕಿಗೆ ಹೋಗೋದು ‘ಹೌದು, ಇವರೇ’ ಅನ್ನೋ ಉತ್ತರ ಮಾತ್ರ. ಅಲ್ಲಿರೋ ಭಯ ಬೇರೆ, ಮನೇಲಿ ಇನ್ನೊಬ್ಬರ ಬೆರಳೂ ಆ ಫೋನಲ್ಲಿ ಸೇರಿಸಿದ್ರೆ ಅವರಿಗೂ ಆ್ಯಪ್ ತೆರೀಬಹುದು. ಇವೆರಡಕ್ಕೂ ‘ಕೊಡು’ ಅಂದ್ರೆ ಯಾವುದಕ್ಕೆ ಹೆದರ್ಬೇಕು ಅಂತ ಹೇಗೆ ಗೊತ್ತಾಗ್ಬೇಕು? ಮೊದಲನೇದಕ್ಕೆ ‘ಬೆಟ್ಟು ಕೊಡು’, ಎರಡನೇದಕ್ಕೆ ‘ಬೆಟ್ಟು ತೋರ್ಸು’ ಅಂತ ಬೇರೆ ಮಾಡಿದ್ರೆ ಹೇಗೆ?

ಇನ್ನೊಂದು, ಬೆರಳ ಗುರುತನ್ನ ‘ಜೈವಿಕ ಗುಪ್ತಪದ’ (ಮೈಯೇ ಪಾಸ್‌ವರ್ಡ್) ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಪಾಸ್‌ವರ್ಡ್ ಗುಟ್ಟು, ಹೊರಗೆ ಬಿದ್ರೆ ಬದಲಾಯಿಸ್ತೀವಿ. ಬೆರಳು ಗುಟ್ಟಲ್ಲ, ಬರೀ ಗುರುತು; ಮುಟ್ಟಿದ ಲೋಟದ ಮೇಲೂ ಉಳಿಯುತ್ತೆ, ಇರೋದು ಹತ್ತೇ, ಬದಲಾಯ್ಸೋಕಾಗಲ್ಲ. 2013ರಲ್ಲಿ ಐಫೋನ್ 5ಎಸ್ ಬಂದ ಕೆಲವೇ ದಿನಕ್ಕೆ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ ಅನ್ನೋ ಹ್ಯಾಕರ್‌ಗಳ ಸಂಘದವರು ಗಾಜಿನ ಮೇಲಿನ ಗುರುತಿಂದ್ಲೇ ನಕಲಿ ಬೆರಳು ಮಾಡಿ ಫೋನ್ ತೆಗೆದು ತೋರಿಸಿದ್ರು.

ಕೋಲಾರ, ತುಮಕೂರು ಕಡೆಯೋರು ಹೇಳಿ, ನಿಮ್ಮಲ್ಲಿ ‘ಬೆಟ್ಟು’ ಇನ್ನೂ ಬಾಯಲ್ಲಿದೆಯಾ, ಇಲ್ಲಾ ‘ಬೊಟ್ಟು’ ಅಂತೀರಾ? ಮುಖ ತೋರ್ಸಿ ಲಾಗಿನ್ ಆಗೋದಕ್ಕೂ ಸೇರೋ ಹಾಗೆ ಬಯೋಮೆಟ್ರಿಕ್‌ಗೆ ‘ಮೈಗುರುತು’ ಅಂದ್ರೆ ಮಚ್ಚೆ ಅಂದ್ಕೊಳ್ತಾರಾ?