ಬೇಲಿ ಗಿಡದ ಬಗ್ಗೆ ಕೇಳಿ: ನಿವೃತ್ತ ತೋಟಗಾರಿಕೆ ಅಧಿಕಾರಿ ಉತ್ತರಿಸ್ತಾರೆ

ಸಿರಾ ಸದಸ್ಯ: ಸರ್, 2 ಎಕರೆಗೆ ತಂತಿ ಬೇಲಿ ಹಾಕಿಸೋ ಶಕ್ತಿ ಇಲ್ಲ. ಮೇಕೆ ಕಾಟ. ಯಾವ ಗಿಡ ಹಾಕಲಿ?

ಅಧಿಕಾರಿ: ಕವಳೆ, ಅದೇ ಕರಂಡೆಕಾಯಿ. ಮುಳ್ಳಿದೆ, ಬೇರೂರಿದ ಮೇಲೆ ನೀರು ಕೇಳಲ್ಲ. ಬೀಜ ಒಣಗಿಸಿಟ್ಟರೆ ಹುಟ್ಟಲ್ಲ, ಹಣ್ಣಿಂದ ತೆಗೆದ ಕೂಡಲೇ ಹಾಕಿ. 2 ಅಡಿಗೊಂದು, ಜೋಡಿ ಸಾಲು. ಮೊಣಕಾಲೆತ್ತರ ಬಂದಾಗ ಕುಡಿ ಕತ್ತರಿಸಿ, ಇಲ್ಲಾಂದ್ರೆ ಮೇಲೆ ಕೊಡೆ, ಕೆಳಗೆ ಕಿಂಡಿ. ಬೇಲಿ ಆಗೋಕೆ 3-4 ವರ್ಷ. ಅಲ್ಲೀತನಕ ಮುಳ್ಳು ಹೊಚ್ಚಿ.

ಹೊಸದುರ್ಗ ಸದಸ್ಯ: ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ, ಆಗಲ್ವಾ?

ಅಧಿಕಾರಿ: ಸೊಪ್ಪಿಗೆ ಸೈ. ಮುಂಗಾರಿಗೆ ಗಳ ನೆಡಿ. ಮುಳ್ಳಿಲ್ಲ.

ಸಕಲೇಶಪುರ ಸದಸ್ಯೆ: ಬಿದಿರು ಹಾಕಿದ್ರೆ ಆನೆ ತಡೆಯುತ್ತಾ ಸರ್?

ಕಡೂರು ಸದಸ್ಯ: ಸರ್, ಬೆಳಿಗ್ಗೆ ಬೇಲಿಯ ಕಡ್ಡಿಗಳ್ಳಿ ಸವರುವಾಗ ಅಣ್ಣನ ಕಣ್ಣಿಗೆ ಅದರ ಹಾಲು ಸಿಡೀತು. ಆಗ ಬರೀ ಚುರುಚುರು, ಈಗ ಕಣ್ಣೇ ಬಿಡೋಕಾಗ್ತಿಲ್ಲ. ಗಿಡ ಕಿತ್ತುಹಾಕಬೇಕಾ?

ಅಧಿಕಾರಿ: ಗಿಡದ ಮಾತು ಆಮೇಲೆ! ರೆಪ್ಪೆ ಬಿಡಿಸಿ, ಕುಡಿಯೋ ನೀರನ್ನ ಸಣ್ಣಗೆ ಹರಿಸ್ತಾ 20 ನಿಮಿಷ ತೊಳೀರಿ. ಕೈ ಮೊದಲು ಸೋಪಲ್ಲಿ ತೊಳ್ಕೊಳ್ಳಿ, ಕೈಗಂಟಿದ ಹಾಲೇ ಇನ್ನೊಂದು ಕಣ್ಣಿಗೂ ಹೋಗುತ್ತೆ. ಉಜ್ಜಬಾರದು. ತೊಳೆದ ಕೂಡಲೇ ಕಣ್ಣಿನ ಡಾಕ್ಟರ ಹತ್ತಿರ, ಇವತ್ತೇ. ಕಳ್ಳಿ ಹಾಲಿನ ಗುಣವೇ ಹಾಗೆ, ಹೊತ್ತು ಹೋದ ಹಾಗೆ ಏರುತ್ತೆ, ಕಪ್ಪುಗುಡ್ಡೆ ಊದಿ ನೋಟ ಮಂಜಾಗುತ್ತೆ. ಅದೇ ಗಿಡದ ಒಂದು ತುಂಡು ಕವರಲ್ಲಿ ಹಾಕ್ಕೊಂಡು ಹೋಗಿ, ತೋರಿಸಿ.

ಮೈಸೂರು ಸದಸ್ಯ: ಎದೆಹಾಲು ಎರಡು ಹನಿ ಬಿಡಿ, ತಂಪು. ಫಾರ್ವರ್ಡ್ ಬಂದಿದೆ, ಹಾಕ್ತೀನಿ.

ಅಧಿಕಾರಿ: ಹಾಕಬೇಡಿ. ಎದೆಹಾಲು, ಹರಳೆಣ್ಣೆ, ತುಪ್ಪ, ಯಾವುದೂ ಬೇಡ. ನೀರು, ಡಾಕ್ಟರ್. ಅಷ್ಟೇ.

ಮೈಸೂರು ಸದಸ್ಯ: ನಮ್ಮಜ್ಜಿ ಅದನ್ನೇ ಮಾಡ್ತಿದ್ರು.

ಹೊಸದುರ್ಗ ಸದಸ್ಯ: ಅಜ್ಜಿ ಹಳೇ ಸೀರೆ ಕಟ್ಟಿ ಹಂದೀನೂ ಓಡಿಸ್ತಿದ್ರಾ? ಅದೂ ನಿಮ್ಮದೇ ಫಾರ್ವರ್ಡು.

ಮೈಸೂರು ಸದಸ್ಯ: ಮೊದಲು ಪಕ್ಕದವನ ಬದು ಬಿಟ್ಟು ಗಿಡ ನೆಡೋದು ಕಲೀರಿ, ಆಮೇಲೆ ಮಾತಾಡಿ.

ಹೊಸದುರ್ಗ ಸದಸ್ಯ: ನನ್ನ ಬದು ನೋಡೋಕೆ ನೀವ್ಯಾವಾಗ ಬಂದ್ರಿ? ಸರ್ವೆ ಕಲ್ಲಿದೆ.

ತಿಪಟೂರು ಸದಸ್ಯ: ಸರ್, ಮೇಕೆ ತಿನ್ನದ ಬೇಲಿ ಗಿಡ ಯಾವುದು?

ಅಧಿಕಾರಿ: ಮೇಲೆ ಓದಿ.

ಕಡೂರು ಸದಸ್ಯ: ಆಸ್ಪತ್ರೇಲಿದೀವಿ ಸರ್. ಗುಡ್ಡೆ ಊದಿದೆಯಂತೆ, ನಾಳೆ ಮತ್ತೆ ಬನ್ನಿ ಅಂದ್ರು.

ಅಧಿಕಾರಿ: ತಪ್ಪದೆ ಹೋಗಿ. ಗಿಡ ಕೀಳೋದು ಬೇಡ, ಬೇಲಿ ಇರಲಿ. ಸವರೋನಿಗೆ ಕನ್ನಡಕ ಕೊಡಿಸಿ, ಗಾಳಿಗೆ ಬೆನ್ನು ಕೊಟ್ಟು ಸವರಲಿ.

ಅರಸೀಕೆರೆ ಸದಸ್ಯ: ಸರ್, ಮೇಕೆಗೆ ಯಾವ ಗಿಡ?

ಸಕಲೇಶಪುರ ಸದಸ್ಯೆ: ಆನೆ ಸರ್, ಆನೆ…